ಕಿವಿಯಲ್ಲಿ ಹೇಳಿದ ವೈಫೈ ಹೆಸರು

ಮೊನ್ನೆ ಒಂದು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿ, ಈಗಷ್ಟೇ ಯಾವುದೋ ಕಂಪನಿಯಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಸೇರಿದವಳು, "ಆಂಟಿ, ನಿಮ್ ಕಾಲದಲ್ಲಿ ವಿಪಿಎನ್ ಎಲ್ಲಾ ಇತ್ತಾ?" ಎಂದು ಕೇಳಿದಳು. ಪಾಯಸ ನೆತ್ತಿಗೇರಿತು. ನಾನೇನು ಪಾಳೇಗಾರರ ಕಾಲದವಳೇ? "ಇತ್ತು ಕಣಮ್ಮ. ಅದರ ಕಾಟಕ್ಕೇ ನಾನೊಂದು ಸಲ ಮ್ಯಾನೇಜರ್ ಜೊತೆ ಜೀಪು ಹತ್ತಿ ಕೆಂಚಾರ್ಲಹಳ್ಳಿಗೆ ಓಡಿದ್ದೆ" ಎಂದೆ. ಅವಳು ನಂಬಲಿಲ್ಲ. ಸರಿ, ಬರೆದೇ ಬಿಡೋಣ ಎಂದು ಕೂತಿದ್ದೇನೆ. ನನಗೆ ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ಇಲ್ಲಿ ಬರುವುದಿಲ್ಲ. ಅದು ನನ್ನ ಗಂಡನಿಗೂ ನೆನಪಿಲ್ಲ, ನನಗೂ ಬೇಕಿಲ್ಲ.

ನಮ್ಮದು ಚಿಕ್ಕಬಳ್ಳಾಪುರದಲ್ಲಿ ಒಂದು ಖಾಸಗಿ ಚಾಕಿ ಕಂಪನಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರೇಷ್ಮೆ ಮೊಟ್ಟೆ ಒಡೆದು ಹುಳ ಹೊರಗೆ ಬಂದ ಮೇಲೆ ಮೊದಲ ಕೆಲವು ದಿನ ಅದನ್ನು ಎಳೆಮಗುವಿನ ಹಾಗೆ ನೋಡಿಕೊಳ್ಳಬೇಕು. ಎಳೆ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕತ್ತರಿಸಿ ಹಾಕಬೇಕು, ಬಿಸಿ ಹೆಚ್ಚಾಗಬಾರದು, ತೇವ ಕಡಿಮೆಯಾಗಬಾರದು. ಅದೇ ಚಾಕಿ. ಎರಡನೇ ಜ್ವರ ದಾಟಿ ಎದ್ದ ಹುಳವನ್ನು ತಟ್ಟೆಗಳಲ್ಲಿ ರೈತರ ಮನೆಗೆ ಮುಟ್ಟಿಸುತ್ತಿದ್ದೆವು. ಜ್ವರ ಎಂದರೆ ಗಾಬರಿಯಾಗಬೇಡಿ, ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಜ್ವರ ಬಿಟ್ಟು ಎದ್ದ ಹುಳಕ್ಕೆ ಹಸಿವೋ ಹಸಿವು. ಅದು ಯಾವ ಮ್ಯಾನೇಜರಿನ ಮಾತಿಗೂ, ಯಾವ ಸರ್ವರಿನ ತೊಂದರೆಗೂ ಕಾಯುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಅಲ್ಲಿ ಟೈಪಿಸ್ಟಾಗಿ ಸೇರಿದವಳು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಹೆದರದೆ ಅದರ ಹತ್ತಿರ ಹೋದವಳು ನಾನೊಬ್ಬಳೇ ಆದ್ದರಿಂದ ಅದರ ಸಕಲ ಕಷ್ಟಸುಖವೂ ನನ್ನ ಪಾಲಿಗೆ ಬಂತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ನಮ್ಮ ಶಾಖೆಗಳಿದ್ದವು. ಎಲ್ಲಿ ಏನು ಕೆಟ್ಟರೂ "ಪದ್ಮಕ್ಕನ್ನ ಕರೀರಿ" ಎನ್ನುತ್ತಿದ್ದರು. ಖಾಸಗಿ ಬಸ್ಸಿನ ಕಂಡಕ್ಟರುಗಳು ನನ್ನ ಕೈಯಲ್ಲಿ ಕೇಬಲ್ ಸುರುಳಿ ನೋಡಿ ಟಿಕೆಟ್ ಕೊಡುವ ಮುಂಚೆಯೇ "ಇವತ್ತು ಯಾವೂರಲ್ಲಿ ಕರೆಂಟ್ ಹೋಯ್ತಕ್ಕ?" ಎಂದು ಕೇಳುತ್ತಿದ್ದರು. ಕರೆಂಟಿಗೂ ನೆಟ್‌ವರ್ಕಿಗೂ ಇರುವ ವ್ಯತ್ಯಾಸ ಹೇಳಿ ಹೇಳಿ ಸಾಕಾಗಿ, ಕೊನೆಗೆ ಊರ ಹೆಸರು ಮಾತ್ರ ಹೇಳುತ್ತಿದ್ದೆ.

ವೈಫೈ ಬಂದದ್ದು ಎರಡು ಸಾವಿರದ ಏಳೋ ಎಂಟೋ. ನಾಲ್ಕೂ ಆಫೀಸಿಗೆ ನಾಲ್ಕು ಪೆಟ್ಟಿಗೆ ತರಿಸಿ, ನಾಲ್ಕಕ್ಕೂ ಒಂದೇ ಹೆಸರು ಇಟ್ಟೆ: ಚಂದ್ರಿಕೆ. ಹಣ್ಣಾದ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಚಂದ್ರಿಕೆ ಎನ್ನುತ್ತಾರೆ, ನಮ್ಮ ಕಂಪನಿಯ ಬೋರ್ಡಿನ ಮೇಲೂ ಅದರದೇ ಚಿತ್ರ ಇತ್ತು. ಒಂದೇ ಹೆಸರಿದ್ದರೆ ಯಾವ ಊರಿಗೆ ಹೋದರೂ ಲ್ಯಾಪ್‌ಟಾಪು ತಾನಾಗಿ ಸೇರಿಕೊಳ್ಳುತ್ತದೆ ಎಂಬುದು ನನ್ನ ಜಾಣತನ.

ಗೌರಿಬಿದನೂರಿನಲ್ಲಿ ಪೆಟ್ಟಿಗೆ ಕೂರಿಸಿ ಬಂದ ಎರಡನೇ ದಿನವೇ ಫೋನು. "ಅಕ್ಕ, ವೈಫೈ ಸತ್ತೋಯ್ತು." ಆ ಶಾಖೆಯನ್ನು ನೋಡಿಕೊಳ್ಳುತ್ತಿದ್ದವನು ಬಸವರಾಜು, ತುಂಬಾ ಹುಷಾರಿನ ಮನುಷ್ಯ. ದೀಪ ಉರೀತಿದೆಯಾ ಎಂದರೆ, ಗೊತ್ತಾಗಲ್ಲ ಅಕ್ಕ ಎಂದ. ಯಾಕೆ ಗೊತ್ತಾಗಲ್ಲ, ಕಣ್ಣಿಲ್ಲವಾ ಎಂದು ಫೋನಿಟ್ಟೆ. ಬೈದುಕೊಂಡೇ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಪೆಟ್ಟಿಗೆ ಗೋಡೆಯ ಮೇಲಿಲ್ಲ! ಬಸವರಾಜು ಗಂಭೀರವಾಗಿ ಸೊಂಟದಿಂದ ಬೀಗದ ಕೈ ತೆಗೆದು, ಕಬ್ಬಿಣದ ಬೀರು ತೆರೆದು, ಒಳಗೆ ಟವೆಲ್ಲಿನಲ್ಲಿ ಸುತ್ತಿ ಮಲಗಿಸಿದ್ದ ಪೆಟ್ಟಿಗೆಯನ್ನು ತೋರಿಸಿದ. ವೈರು ಹೋಗಲೆಂದು ಬೀರುವಿನ ಹಿಂದೆ ತೂತು ಬೇರೆ ಕೊರೆಸಿದ್ದ.

"ಬೆಲೆ ಬಾಳೋ ಸಾಮಾನು ಅಂತ ನೀವೇ ಹೇಳಿದ್ರಲ್ಲಕ್ಕ" ಎಂದ.

ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ! ಅಲ್ಲೇ ಸ್ಟೂಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅವನೂ ನಕ್ಕ, ಯಾಕೆಂದು ಗೊತ್ತಿಲ್ಲದೆ.

ಇನ್ನು ವಿಪಿಎನ್ ಕಥೆ. ನಮ್ಮ ಸರ್ವರ್ ಚಿಕ್ಕಬಳ್ಳಾಪುರದಲ್ಲಿತ್ತು. ಯಾವ ರೈತ ಎಷ್ಟು ಹುಳ ಕೇಳಿದ್ದಾನೆ, ಯಾರ ತೋಟದಲ್ಲಿ ಸೊಪ್ಪು ಎಷ್ಟು ಬಲಿತಿದೆ, ಎಲ್ಲ ಅದರ ಹೊಟ್ಟೆಯಲ್ಲಿ. ನಾಲ್ಕು ಆಫೀಸುಗಳ ನಡುವೆ ಭದ್ರವಾದ ದಾರಿ ಮೊದಲೇ ಇತ್ತು. ಆದರೆ ಊರೂರು ಸುತ್ತುವ ನಮ್ಮವರಿಗೆ ಲ್ಯಾಪ್‌ಟಾಪ್ ಕೊಟ್ಟ ಮೇಲೆ, ಕಂಡಕಂಡ ಇಂಟರ್‌ನೆಟ್ಟಿನಿಂದ ಒಳಗೆ ಬರುವವರನ್ನು ಹಾಗೇ ಬಿಟ್ಟುಕೊಳ್ಳುವುದು ಹೇಗೆ? ಅದಕ್ಕೆ ವಿಪಿಎನ್. ನಮ್ಮ ಜನಕ್ಕೆ ನಾನು ಹೇಳಿಕೊಟ್ಟದ್ದು ಹೀಗೆ: ಹುಳದ ಮನೆಗೆ ಹೊರಗಿನಿಂದ ಬರುವಾಗ ಬ್ಲೀಚಿಂಗ್ ನೀರಲ್ಲಿ ಕಾಲು ಅದ್ದಿ ಬರುತ್ತೀರಲ್ಲ, ಅದೇ ಇದು. ಹೊರಗಿದ್ದೀರಾ, ಆನ್ ಮಾಡಿ. ಆಫೀಸಿನ ಒಳಗಿದ್ದೀರಾ, ಆಫ್ ಮಾಡಿ. ಒಳಗೆ ಆನ್ ಇದ್ದರೆ ಪಕ್ಕದಲ್ಲಿರುವ ಪ್ರಿಂಟರು ಕಾಣುವುದಿಲ್ಲ, ಹೊರಗೆ ಆಫ್ ಇದ್ದರೆ ಸರ್ವರು ಬಾಗಿಲು ತೆಗೆಯುವುದಿಲ್ಲ.

ಇಷ್ಟು ಸುಲಭದ ವಿಷಯ. ಆದರೆ ದಿನಾ ಬೆಳಗ್ಗೆ ಸಂಜೆ ನನ್ನ ಫೋನು ಬಡಿದುಕೊಳ್ಳುವುದು ನಿಲ್ಲಲಿಲ್ಲ. "ಅಕ್ಕ, ಈಗ ಕಾಲು ತೊಳೀಬೇಕಾ ಬೇಡ್ವಾ?" ಎಂದು ಕೇಳುತ್ತಿದ್ದರು. ತಲೆ ಕೆಟ್ಟು ಹೋಗುತ್ತಿತ್ತು.

ಶಿಡ್ಲಘಟ್ಟ ಶಾಖೆಯ ಬಾಬಾಜಾನ್ ಇದ್ದ. ಹುಳದ ವಿಷಯದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನಿಗೆಂದೇ ಲ್ಯಾಪ್‌ಟಾಪಿನ ಮೇಲೆ "ಒಳಗೆ ಆಫ್, ಹೊರಗೆ ಆನ್" ಎಂದು ಚೀಟಿ ಅಂಟಿಸಿದ್ದೆ. ಆದರೂ ಮಧ್ಯಾಹ್ನವಾದರೆ ಅವನದೇ ಗೋಳು, ಪ್ರಿಂಟ್ ಬರುತ್ತಿಲ್ಲ ಎಂದು. ಒಂದು ದಿನ ಪಿತ್ತ ನೆತ್ತಿಗೇರಿ ನಾನೇ ಹೋದೆ. ಆಫೀಸಿನಲ್ಲಿ ಇವನಿಲ್ಲ. ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಆರಾಮಾಗಿ ಕೂತಿದ್ದಾನೆ. ವಿಪಿಎನ್ ಆನ್!

"ಏನೋ ಇದು? ಆಫ್ ಮಾಡು ಅಂತ ಬಡ್ಕೊಂಡಿಲ್ವಾ ನಾನು?"

"ಅರೇ ಅಕ್ಕಾ, ನೀವೇ ಬರ್ದಿದ್ದೀರಲ್ಲಾ, ಹೊರಗೆ ಆನ್ ಅಂತ. ನಾನ್ ಹೊರಗೇ ಅಲ್ವಾ ಕೂತಿರೋದು? ನೋಡ್ಕೊಳ್ಳಿ, ಮೇಲೆ ಆಕಾಶ ಕಾಣ್ತೈತೆ."

ಅವನು ಕೂತಿದ್ದು ಹೊರಗೆ, ನಿಜ. ಆದರೆ ಗೋಡೆಯಾಚೆಯಿಂದ ನಮ್ಮ ಚಂದ್ರಿಕೆ ವೈಫೈ ಬೆಂಚಿನ ತನಕ ಧಾರಾಳವಾಗಿ ಬರುತ್ತಿತ್ತು! ಟೀ ಅಂಗಡಿಯವನು ಹಲ್ಲು ಬಿಟ್ಟು ನಗುತ್ತಿದ್ದ. ನಾನು ಬಾಬಾಜಾನನಿಗೆ ಚೆನ್ನಾಗಿ ಬೈದು, ಅವನೇ ಕೊಡಿಸಿದ ಟೀ ಕುಡಿಯುತ್ತಾ ಕೂತೆ. ಕೂತವಳಿಗೆ ಹೊಳೆಯಿತು: ಮನುಷ್ಯ ಎಲ್ಲಿ ಕೂತಿದ್ದಾನೆ ಎಂಬುದು ಬೇಕೇ ಇಲ್ಲ. ಲ್ಯಾಪ್‌ಟಾಪು ಯಾವ ವೈಫೈ ಹಿಡಿದಿದೆ ಎಂಬುದಷ್ಟೇ ಬೇಕು. ಅದು ಲ್ಯಾಪ್‌ಟಾಪಿಗೇ ಗೊತ್ತು! ಹಾಗಿದ್ದ ಮೇಲೆ ಆನ್ ಮಾಡು ಆಫ್ ಮಾಡು ಎಂದು ಈ ಪುಣ್ಯಾತ್ಮರ ಹಿಂದೆ ನಾನು ಯಾಕೆ ಬೀಳಬೇಕು?

ಆ ವಾರವೆಲ್ಲ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸ್ವಲ್ಪ ಹೊತ್ತಿಗೊಮ್ಮೆ ಅದು ವೈಫೈ ಹೆಸರು ನೋಡುತ್ತದೆ. ಚಂದ್ರಿಕೆ ಎಂದಿದ್ದರೆ ವಿಪಿಎನ್ ಆಫ್. ಬೇರೆ ಏನೇ ಇದ್ದರೂ ಆನ್. ಅಷ್ಟೇ. ಈಗಿನವರು ಇದನ್ನು ಫೋನಿನಲ್ಲಿ ಎರಡು ಸಲ ಬೆರಳಾಡಿಸಿ ಮಾಡುತ್ತಾರೆ, ನನಗೆ ಗೊತ್ತು. ಆದರೆ ಅವತ್ತು ಬಾಬಾಜಾನನ ಲ್ಯಾಪ್‌ಟಾಪ್ ಹಿಡಿದುಕೊಂಡು ನಾನು ಆಫೀಸಿನಿಂದ ಬಸ್ ಸ್ಟ್ಯಾಂಡ್ ಕಡೆಗೆ ನಡೆದಾಗ, ಅದಕ್ಕೆ ಸಿಕ್ಕಿಸಿದ್ದ ಡೇಟಾ ಕಾರ್ಡಿನ ಇಂಟರ್‌ನೆಟ್ ಹಿಡಿದು ವಿಪಿಎನ್ ತಾನಾಗಿ ಆನ್ ಆಯಿತು. ವಾಪಸ್ ನಡೆದರೆ ತಾನಾಗಿ ಆಫ್ ಆಯಿತು. ಮತ್ತೆ ಹೋದೆ, ಮತ್ತೆ ಬಂದೆ. ರೋಡಲ್ಲಿ ಹೆಂಗಸೊಬ್ಬಳು ಲ್ಯಾಪ್‌ಟಾಪ್ ತೆರೆದುಕೊಂಡು ತನ್ನಷ್ಟಕ್ಕೆ ತಾನೇ ನಗುತ್ತಾ ಹಿಂದೆ ಮುಂದೆ ಓಡಾಡುತ್ತಿರುವುದನ್ನು ನೋಡಿ ಜನ ನಿಂತರು. ನಿಲ್ಲಲಿ! ನನಗೆ ಹಬ್ಬವಾಗಿತ್ತು.

ಅದಕ್ಕೆ ನಮ್ಮವರೆಲ್ಲ "ಪದ್ಮಕ್ಕನ ಕಾವಲು" ಎಂದು ಕರೆದರು. ಅದನ್ನು ಯಾರೂ ನಿಲ್ಲಿಸದ ಹಾಗೆ ಪಾಸ್‌ವರ್ಡ್ ಹಾಕಿದ್ದೆ, ಬಾಬಾಜಾನನ ಕೈಚಳಕ ಗೊತ್ತಿದ್ದರಿಂದ. ಪಾಸ್‌ವರ್ಡನ್ನು ಫೋನಿನಲ್ಲಿ ಯಾರಿಗೂ ಹೇಳುವಂತಿಲ್ಲ ಎಂಬ ನಿಯಮವೂ ನನ್ನದೇ. ಅದು ಹೇಗೆ ತೀರ್ಮಾನ ಮಾಡುತ್ತದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೆ ಕಣ್ಣಿದೆ, ಗೋಡೆ ನೋಡಿ ಆಫೀಸು ಎಂದು ಗುರುತು ಹಿಡಿಯುತ್ತದೆ ಎಂದು ಬಸವರಾಜು ನಂಬಿದ್ದ.

ನಮ್ಮ ಮ್ಯಾನೇಜರು ಶ್ರೀಕಂಠಯ್ಯನವರಿಗೆ ತೋರಿಸಿದೆ. ಅವರ ಬಾಯಲ್ಲಿ ಹೊಗಳಿಕೆ ಕೇಳಿದವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಏನು ತೋರಿಸಿದರೂ ಕನ್ನಡಕ ಮೂಗಿಗೆ ಇಳಿಸಿ "ನೋಡೋಣ" ಎನ್ನುವರು. ಅವತ್ತೂ "ನೋಡೋಣ" ಎಂದರು.

ಈಗ ಯಶೋಧಳ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಬರೆದದ್ದೇ ಅವಳಿಗಾಗಿ.

ಯಶೋಧ ಚಿಂತಾಮಣಿ ಶಾಖೆಯಲ್ಲಿ ಹಂಚಿಕೆ ನೋಡಿಕೊಳ್ಳುತ್ತಿದ್ದಳು. ನಾಳೆ ಬೆಳಗ್ಗೆ ಯಾವ ತಟ್ಟೆ ಯಾವ ರೈತನ ಮನೆಗೆ ಹೋಗಬೇಕು ಎಂದು ಸಂಜೆ ದೀಪ ಹಚ್ಚುವುದರೊಳಗೆ ಸರ್ವರಿಗೆ ಹಾಕಬೇಕು. ದಿನವಿಡೀ ರೈತರ ಜೊತೆ ಫೋನಿನಲ್ಲಿ ಮಾತಾಡಿ, ದಿಬ್ಬೂರಹಳ್ಳಿಯಲ್ಲಿ ಯಾರ ಸೊಪ್ಪು ಬಲಿತಿದೆ, ಯಾರ ಮನೆಯಲ್ಲಿ ಮದುವೆ ಇದ್ದು ಎರಡು ದಿನ ಹುಳ ಬೇಡ ಎನ್ನುತ್ತಿದ್ದಾರೆ, ಎಲ್ಲ ತಿಳಿದುಕೊಂಡು ಮಾಡುವ ಕೆಲಸ. ಅವಳಿಗೆ ಅದರ ಮೇಲೆ ಜೀವ. ಹೆರಿಗೆಗೆಂದು ಕೆಂಚಾರ್ಲಹಳ್ಳಿಯ ತವರಿಗೆ ಹೋದವಳಿಗೆ ಹೆಣ್ಣು ಮಗುವಾಯಿತು. ರಜೆ ಮುಗಿದಾಗ ನನಗೆ ಫೋನು ಮಾಡಿದಳು.

"ಅಕ್ಕ, ಹಸುಗೂಸು ಬಿಟ್ಟು ಚಿಂತಾಮಣಿಗೆ ಬರಕ್ಕಾಗಲ್ಲ. ಕೆಲಸ ಬಿಡಕ್ಕೆ ಮನಸ್ಸಿಲ್ಲ. ಮನೇಲಿ ಫೋನ್ ಇದೆ, ಇಂಟರ್‌ನೆಟ್ ಹಾಕಿಸ್ಕೋತೀವಿ. ನಿಮ್ ಕಾವಲು ಇದ್ದರೆ ಇಲ್ಲಿಂದಲೇ ಹಂಚಿಕೆ ಮಾಡ್ಬಹುದಲ್ವಾ?"

ಮಾಡಬಹುದು! ಆದರೆ ಮನೆಯಿಂದ ಕೆಲಸ ಎಂಬ ಮಾತನ್ನೇ ಆಗ ಯಾರೂ ಕೇಳಿರಲಿಲ್ಲ. ಶ್ರೀಕಂಠಯ್ಯನವರನ್ನು ನಾನು ಮೂರು ದಿನ ಕಾಡಿದೆ. ಕೊನೆಗೆ ಒಂದು ಷರತ್ತು ಹಾಕಿದರು: "ಒಂದು ದಿನ ಹಂಚಿಕೆ ತಪ್ಪಿದರೂ ಲ್ಯಾಪ್‌ಟಾಪ್ ವಾಪಸ್, ಆಯಮ್ಮ ಚಿಂತಾಮಣಿಗೆ ಬರಬೇಕು. ಬರಲಾಗದಿದ್ದರೆ ಬೇರೆಯವರನ್ನ ನೋಡ್ಕೋತೀನಿ." ಯಶೋಧಳಿಗೆ ಹೇಳಿದೆ. "ತಪ್ಪಲ್ಲ ಅಕ್ಕ" ಎಂದಳು.

ತಪ್ಪಲಿಲ್ಲ. ಒಂದು ಬೆಳೆ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ತೊಟ್ಟಿಲು ತೂಗುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಳಂತೆ, ರೈತರು ಮೊದಲು ಮಗುವಿನ ಸಮಾಚಾರ ಕೇಳಿ ಆಮೇಲೆ ಹುಳದ ಸಮಾಚಾರ ಹೇಳುತ್ತಿದ್ದರಂತೆ. ಮಗುವಿಗೆ ಹೆಸರಿಡುವ ದಿನ ನನ್ನನ್ನೂ ಕರೆದಳು. ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಮಗುವಿನ ಕಿವಿಯಲ್ಲಿ ಸುಜಾತ ಎಂದು ಮೂರು ಸಲ ಹೇಳಿದರು. ಹೋಳಿಗೆ ತಿಂದು, ಬಸ್ಸು ತಪ್ಪೀತೆಂದು ನಾನು ಬೇಗ ಹೊರಟು ಬಂದೆ. ಇನ್ನೊಂದು ಗಳಿಗೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಾರನೇ ದಿನ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ, ಯಶೋಧಳ ಫೋನು.

"ಅಕ್ಕ, ಸರ್ವರ್ ಸಿಗ್ತಿಲ್ಲ. ವಿಪಿಎನ್ ಆಫ್ ಆಗಿದೆ. ನಾನ್ ಆನ್ ಮಾಡ್ತೀನಿ, ಅದು ತಾನೇ ಆಫ್ ಮಾಡುತ್ತೆ. ಬೆಳಗ್ಗೆಯಿಂದ ಹಿಂಗೇ. ನಾಳೆ ಬೆಳಗ್ಗೆ ಎರಡನೇ ಜ್ವರ ಏಳೋ ಹುಳ ತುಂಬಾ ಇದಾವಕ್ಕ."

ಮನೆಯಲ್ಲಿ ಕೂತವಳನ್ನು ನನ್ನ ಕಾವಲು ಆಫೀಸಿನಲ್ಲಿದ್ದಾಳೆ ಎಂದುಕೊಂಡಿದೆ! ಹೇಗೆ? ಪ್ರೋಗ್ರಾಂ ನಿಲ್ಲಿಸಿದರೆ ಆಗುತ್ತಿತ್ತು, ಆದರೆ ಪಾಸ್‌ವರ್ಡ್ ಫೋನಿನಲ್ಲಿ ಹೇಳುವಂತಿಲ್ಲ. ಹೋಗಲಿ, ಒಂದು ಸಲ ಮುರಿಯೋಣ ಎಂದು ಬಾಯಿ ತೆರೆದೆ. ಹಿಂದೆ ಶ್ರೀಕಂಠಯ್ಯನವರು ನಿಂತಿದ್ದರು.

"ಯಶೋಧಾನಾ? ನಾನು ಅಂದುಕೊಂಡೇ ಇದ್ದೆ. ನಡೀರಿ ಪದ್ಮಾವತಮ್ಮ, ಜೀಪಿದೆ. ಹೋಗಿ ಲ್ಯಾಪ್‌ಟಾಪ್ ತಂದುಬಿಡಣ."

ಜೀಪು ಶಿಡ್ಲಘಟ್ಟ ದಾಟಿತು. ಚಿಂತಾಮಣಿ ಹತ್ತಿರವಾಗಿ ಅಂಬಾಜಿದುರ್ಗದ ಗುಡ್ಡ ಕಂಡಾಗ ನಾನು ತಡೆಯಲಾರದೆ, "ಸಾರ್, ತಪ್ಪು ಅವಳದಲ್ಲ, ನನ್ನ ಪ್ರೋಗ್ರಾಮಿನದು ಇರಬೇಕು" ಎಂದೆ. "ಹುಳಕ್ಕೆ ಯಾರ ತಪ್ಪು ಅಂತ ಗೊತ್ತಾಗುತ್ತೇನಮ್ಮ?" ಎಂದರು.

ಬಾಗಿಲಲ್ಲೇ ಯಶೋಧಳ ಅಮ್ಮ, "ರಾಮ್ಮಾ, ರಾಂಡಿ ಸಾರ್" ಎಂದು ತೆಲುಗಿನಲ್ಲೇ ಕರೆದು ನೀರು ಕೊಟ್ಟರು. ಯಶೋಧಳ ಕಣ್ಣು ಕೆಂಪಾಗಿತ್ತು. ನಾನು ಚಪ್ಪಲಿ ಬಿಟ್ಟವಳೇ ಲ್ಯಾಪ್‌ಟಾಪ್ ಎಳೆದುಕೊಂಡು, ಪಾಸ್‌ವರ್ಡ್ ಹಾಕಿ ಕಾವಲು ನಿಲ್ಲಿಸಿ, ವಿಪಿಎನ್ ಆನ್ ಮಾಡಿದೆ. ಸರ್ವರ್ ಸಿಕ್ಕಿತು. "ಕೂರೇ, ಮೊದಲು ಹಂಚಿಕೆ ಮುಗಿಸು" ಎಂದೆ. ಅವಳು ಮೂಗು ಒರೆಸಿಕೊಂಡು ಕೂತಳು. ಬೆರಳು ಹೇಗೆ ಓಡಿದವು ಅಂತೀರಿ! ಹೊರಗೆ ಇನ್ನೂ ಬಿಸಿಲಿರುವಾಗಲೇ ಮುಗಿಸಿ, ತಲೆ ಎತ್ತಿ ಶ್ರೀಕಂಠಯ್ಯನವರ ಮುಖ ನೋಡಿದಳು.

"ಇವತ್ತು ಪದ್ಮಾವತಮ್ಮ ಬಂದರು, ಆಯ್ತು. ನಾಳೆ?" ಎಂದರು ಅವರು.

ಆಗ ನಾನು ಪರದೆಯ ಮೂಲೆ ನೋಡಿದೆ. ಲ್ಯಾಪ್‌ಟಾಪು ಹಿಡಿದಿದ್ದ ವೈಫೈ ಹೆಸರು ಚಂದ್ರಿಕೆ! ಚಿಂತಾಮಣಿ ಆಫೀಸಿನ ವೈಫೈ ಅಷ್ಟು ದೂರದಿಂದ ಕೆಂಚಾರ್ಲಹಳ್ಳಿಗೆ ಹೇಗೆ ಬಂತು? ಭೂತ ಚೇಷ್ಟೆಯೇ? ಕಣ್ಣುಜ್ಜಿಕೊಂಡು ತಿರುಗಿದರೆ, ಮೂಲೆಯ ಸ್ಟೂಲಿನ ಮೇಲೆ ಅವರ ಮನೆಯ ವೈಫೈ ಪೆಟ್ಟಿಗೆ. ಅದರ ಎರಡು ಆಂಟೆನಾ ಕಡ್ಡಿಗಳಿಗೂ ಸೇರಿಸಿ ನಿನ್ನೆಯ ಕನಕಾಂಬರದ ಹಾರ.

"ಇದೇನು ಹಾರ?" ಎಂದೆ.

ಯಶೋಧಳ ಅಪ್ಪ ಮುನಿವೆಂಕಟಪ್ಪನವರ ಮುಖ ಅರಳಿತು. "ನೀವು ಬಿರಬಿರನೆ ಹೊಂಟೋದ್ರಿ, ನೋಡ್ಲಿಲ್ಲ. ನಿನ್ನೆ ಅದಕ್ಕೂ ಹೆಸರಿಟ್ವಮ್ಮ."

ಆ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಟ್ರ್ಯಾಕ್ಟರ್ ತಂದರೆ ಅದರ ಹಣೆಗೆ ಯಾರ ಆಶೀರ್ವಾದವೋ ಅವರ ಹೆಸರು, ಮನೆ ಕಟ್ಟಿದರೆ ಯಾರ ಕೃಪೆಯೋ ಅವರ ಹೆಸರು. ಅನ್ನಕ್ಕೆ ದಾರಿಯಾದವರ ಹೆಸರು ಮನೆಯ ಸಾಮಾನಿನ ಮೇಲೆ ಇರಲೇಬೇಕು. ಈ ಪೆಟ್ಟಿಗೆಗೆ ಕಾರ್ಖಾನೆಯವರು ಇಟ್ಟಿದ್ದ ಯಾವುದೋ ಅಂಕಿ ಸಂಖ್ಯೆಯ ಹೆಸರು ಮುನಿವೆಂಕಟಪ್ಪನವರಿಗೆ ಹಿಡಿಸಿರಲಿಲ್ಲ. ಮಗುವಿಗೆ ಹೆಸರಿಟ್ಟು ಮುಗಿಸಿ ಅಳಿಯನನ್ನು ಕರೆದು, "ಆಫೀಸಲ್ಲಿ ಇದಕ್ಕೆ ಏನಂತವ್ರೋ ಅದನ್ನೇ ಹಾಕಪ್ಪ" ಎಂದರಂತೆ. ಅಳಿಯ ಹೈಸ್ಕೂಲು ಮೇಷ್ಟ್ರು, ಹಾಕಿಬಿಟ್ಟ. ಆಮೇಲೆ ಇವರು ಬಾಗಿ ಪೆಟ್ಟಿಗೆಗೂ ಮೂರು ಸಲ ಹೆಸರು ಹೇಳಿದರಂತೆ.

"ಇದರ ಕಿವಿ ಯಾವುದು ಅಂತ ಹುಡುಗರೆಲ್ಲ ನಕ್ರು. ಎರಡು ನೆಟ್ಟಗೆ ನಿಂತವಲ್ಲಮ್ಮ, ಕಾಣಲ್ವಾ?" ಎಂದು ಕಡ್ಡಿಗಳನ್ನು ತೋರಿಸಿದರು.

ನನಗೆ ನಗು ಉಕ್ಕಿ ಬಂತು. ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಅಲ್ಲಿ ಯಶೋಧಳ ಅಮ್ಮನೂ ನಕ್ಕರು, ನನ್ನ ಜೊತೆ. ವಾಪಸ್ ಬಂದು ಎಲ್ಲರಿಗೂ ವಿಷಯ ಹೇಳಿದೆ: ಕಾವಲಿಗೆ ಕಣ್ಣಿಲ್ಲ, ಅದು ಹೆಸರು ನೋಡಿ ನಂಬುತ್ತದೆ. ಮನೆಗೂ ಆಫೀಸಿನ ಹೆಸರೇ ಬಂದದ್ದರಿಂದ ಮನೆಯನ್ನೇ ಆಫೀಸು ಎಂದುಕೊಂಡಿತು.

"ಅಷ್ಟೇ ತಾನೇ? ಹೆಸರು ಬದಲಾಯಿಸಿ" ಎಂದರು ಶ್ರೀಕಂಠಯ್ಯ.

ಮುನಿವೆಂಕಟಪ್ಪನವರ ಮುಖ ಗಂಟಿಕ್ಕಿತು. "ಅದಾಗಲ್ಲ ಸ್ವಾಮಿ. ಕಿವೀಲಿ ಹೇಳಿದ ಹೆಸರು ಮಾರ್ನೇ ದಿನಾನೇ ತೆಗೆಯಕ್ಕಾಯ್ತದಾ? ನೆಂಟ್ರು ಇಷ್ಟರು ಮುಂದೆ ಹೇಳಿವ್ನಿ."

"ಹಂಗಾದರೆ ಲ್ಯಾಪ್‌ಟಾಪ್ ಕೊಡಿ. ಚಿಂತಾಮಣಿಗೆ ಬರಲಿ."

"ಅಪ್ಪಾ..." ಎಂದಳು ಯಶೋಧ. ತೊಟ್ಟಿಲಲ್ಲಿ ಮಗು ಎದ್ದು ರಾಗ ತೆಗೆಯಿತು. ಅಪ್ಪನ ಮಾತು ಉಳಿದರೆ ಕೆಲಸ ಹೋಗುತ್ತದೆ, ಕೆಲಸ ಉಳಿದರೆ ಅಪ್ಪನ ಮಾತು ಹೋಗುತ್ತದೆ. ಅವಳು ಯಾರ ಕಡೆ ನೋಡುವುದೆಂದು ತಿಳಿಯದೆ ನನ್ನ ಕಡೆ ನೋಡಿದಳು. ನನಗೆ ಇಬ್ಬರು ಗಂಡಸರ ಮೇಲೂ ಕೆಟ್ಟ ಕೋಪ ಬಂತು.

"ಇಬ್ಬರೂ ಸುಮ್ನಿರಿ! ಹೆಸರು ಯಾಕೆ ತೆಗೀಬೇಕು? ಈ ಊರಲ್ಲಿ ಮುನಿವೆಂಕಟಪ್ಪ ಅಂತ ಎಷ್ಟು ಜನ ಇದಾರೆ ಯಜಮಾನ್ರೇ?"

"ಐದಾರು ಜನ ಅವ್ರಮ್ಮ."

"ಮನೆಯವರು ನಿಮ್ಮನ್ನ ಬಿಟ್ಟು ಇನ್ನೊಬ್ಬ ಮುನಿವೆಂಕಟಪ್ಪನ್ನ ಊಟಕ್ಕೆ ಕರೀತಾರಾ?"

ಅವರಿಗೆ ನಗು ಬಂತು. ನಾನು ಪೆಟ್ಟಿಗೆ ಮಗುಚಿ ತಳ ತೋರಿಸಿದೆ. ಪ್ರತಿಯೊಂದು ಪೆಟ್ಟಿಗೆಗೂ ಕಾರ್ಖಾನೆಯಲ್ಲೇ ಅಚ್ಚಾದ ಒಂದು ಸಂಖ್ಯೆ ಇರುತ್ತದೆ. ಹುಟ್ಟುಮಚ್ಚೆಯ ಹಾಗೆ, ಒಂದರದ್ದು ಇನ್ನೊಂದಕ್ಕೆ ಬರುವುದಿಲ್ಲ. ಹೆಸರಿನ ಜೊತೆಗೆ ಅದನ್ನೂ ನೋಡು ಎಂದು ಕಾವಲಿಗೆ ಕಲಿಸಿದರೆ ಮುಗಿಯಿತು. ನಾನು ಮೊದಲೇ ಮಾಡಬೇಕಿದ್ದದ್ದು ಅದು. ಹೆಸರೊಂದನ್ನೇ ನಂಬಿದರೆ ಯಾವನಾದರೂ ಕಿಡಿಗೇಡಿ ಅದೇ ಹೆಸರಿಟ್ಟುಕೊಂಡು ನಮ್ಮ ಲ್ಯಾಪ್‌ಟಾಪಿನ ವಿಪಿಎನ್ ಆಫ್ ಮಾಡಿಸಬಹುದಿತ್ತು. ನಮ್ಮ ಪುಣ್ಯ, ಮೊದಲು ಇಟ್ಟವರು ಮುನಿವೆಂಕಟಪ್ಪನವರು.

ನಾಲ್ಕೂ ಆಫೀಸಿಗೆ ಫೋನು ಹಚ್ಚಿ, ಪೆಟ್ಟಿಗೆಯ ತಳದ ಸಂಖ್ಯೆ ಓದಿ ಎಂದೆ. ಗೌರಿಬಿದನೂರಿನ ಬಸವರಾಜು ಫೋನು ಎತ್ತಿದವನೇ, "ಗೋಡೆ ಮೇಲೇ ಇದೆ ಅಕ್ಕ! ಬೀರು ಒಳಗಿಲ್ಲ! ದೇವರಾಣೆ!" ಎಂದ. ಬಾಬಾಜಾನ್ ಸಂಖ್ಯೆ ಹೇಳಿ, "ಅಕ್ಕಾ, ಟೀ ಅಂಗಡಿಗೂ ಒಂದು ನಂಬರ್ ಕೊಟ್ಬಿಡಿ" ಎಂದ. ಯಶೋಧ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪಕ್ಕದಲ್ಲೇ ಕೂತಳು. ಅವಳಮ್ಮ ಕೊಟ್ಟ ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಾ ನಾನು ಬರೆದು ಮುಗಿಸಿದೆ. ಕಾವಲು ಮತ್ತೆ ಶುರು ಮಾಡಿದೆ. ವೈಫೈ ಹೆಸರು ಚಂದ್ರಿಕೆ. ವಿಪಿಎನ್ ಆನ್. ಕಾದೆವು. ಆನ್ ಆಗಿಯೇ ಇತ್ತು.

"ಮನೇಲಿ ಸರಿ. ಆಫೀಸಲ್ಲಿ ಆಫ್ ಆಗಬೇಕಲ್ಲ?" ಎಂದರು ಶ್ರೀಕಂಠಯ್ಯ. ಲ್ಯಾಪ್‌ಟಾಪ್ ಮಡಿಸಿ ತಾವೇ ಕಂಕುಳಲ್ಲಿ ಇಟ್ಟುಕೊಂಡು ಎದ್ದರು. "ಚಿಂತಾಮಣೀಲಿ ನೋಡೋಣ."

ಜೀಪು ಹೊರಟಾಗ ಯಶೋಧ ಬಾಗಿಲಲ್ಲಿ ನಿಂತಿದ್ದಳು. ಕೈ ಬೀಸಲಿಲ್ಲ. ಲ್ಯಾಪ್‌ಟಾಪ್ ಹೋಗುವುದನ್ನೇ ನೋಡುತ್ತಿದ್ದಳು.

ಚಿಂತಾಮಣಿ ಆಫೀಸಿನ ಬಾಗಿಲಲ್ಲೇ ಶ್ರೀಕಂಠಯ್ಯನವರು ಲ್ಯಾಪ್‌ಟಾಪ್ ತೆರೆದರು. ಚಂದ್ರಿಕೆ ಹಿಡಿಯಿತು. ಒಂದು ಉಸಿರು, ಎರಡು ಉಸಿರು. ವಿಪಿಎನ್ ತಾನಾಗಿ ಆಫ್ ಆಯಿತು. ಅವರು ಯಶೋಧ ಮಾಡಿದ್ದ ಹಂಚಿಕೆಯನ್ನು ಪ್ರಿಂಟ್ ಕೊಟ್ಟರು. ಪ್ರಿಂಟರು ಕಿರಗುಟ್ಟಿ ಕಾಗದ ಹೊರಹಾಕಿತು. ನಿಂತಲ್ಲೇ ಎರಡು ಸಲ ಓದಿದರು. ಹುಳ ಸಾಗಿಸುವ ವ್ಯಾನಿನವರ ಕೈಗೆ ಕೊಟ್ಟರು. ಆಮೇಲೆ ಡ್ರೈವರಿಗೆ, "ಜೀಪು ತಿರುಗಿಸಪ್ಪ" ಎಂದರು.

"ಚಿಕ್ಕಬಳ್ಳಾಪುರಕ್ಕಾ ಸಾರ್?"

"ಕೆಂಚಾರ್ಲಹಳ್ಳಿಗೆ. ನಾಳೆ ಬೆಳಗ್ಗೆ ಆ ಹುಡುಗಿಗೆ ಕೆಲಸ ಮಾಡಕ್ಕೆ ಲ್ಯಾಪ್‌ಟಾಪ್ ಬೇಡ್ವಾ?"

ನನಗೆ ಆಗ ಬಂದ ಖುಷಿಯನ್ನು ಬರೆಯಲು ಬರುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಯಶೋಧ ಅದೇ ಬಾಗಿಲಲ್ಲೇ ಕೂತಿದ್ದಳು. ಜೀಪು ವಾಪಸ್ ಬಂದದ್ದು ಕಂಡು ಎದ್ದು ನಿಂತಳು. ಲ್ಯಾಪ್‌ಟಾಪನ್ನು ಕೈಗೆ ಕೊಟ್ಟಾಗ ಎದೆಗೆ ಅವಚಿಕೊಂಡು ಅಳಲು ಶುರು ಮಾಡಿದಳು. "ಅಳಬ್ಯಾಡಮ್ಮ, ಮಗು ಹೆದರ್ಕೊಳ್ತದೆ" ಎಂದರು ಶ್ರೀಕಂಠಯ್ಯ, ಮಗುವೇ ನಗುತ್ತಿದ್ದರೂ. ಮುನಿವೆಂಕಟಪ್ಪನವರು ಅವರ ಕೈ ಹಿಡಿದು, "ನಿನ್ನೆ ತಾವು ಬರ್ಲಿಲ್ಲ. ಹಿರೀಕರು, ಒಂದ್ಸಲ ತಾವೂ ಹೇಳ್ಬೇಕು" ಎಂದು ಸ್ಟೂಲಿನ ಹತ್ತಿರ ಕರೆದೊಯ್ದರು. ನಾಲ್ಕು ತಾಲ್ಲೂಕು ಹೆದರುತ್ತಿದ್ದ ನಮ್ಮ ಮ್ಯಾನೇಜರು ಕನ್ನಡಕ ಮೂಗಿಗೆ ಇಳಿಸಿ, ನನ್ನ ಕಡೆ ಒಮ್ಮೆ ಓರೆಯಾಗಿ ನೋಡಿ, ಬಾಗಿ, ವೈಫೈ ಪೆಟ್ಟಿಗೆಯ ಬಲಗಿವಿಯಲ್ಲಿ "ಚಂದ್ರಿಕೆ, ಚಂದ್ರಿಕೆ, ಚಂದ್ರಿಕೆ" ಎಂದರು. ಷರತ್ತಿನ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ನಾನು ನಿವೃತ್ತಳಾಗಿ ಮನೆಗೆ ಇಂಟರ್‌ನೆಟ್ ಹಾಕಿಸಿದಾಗ ವೈಫೈಗೆ ಹೆಸರು ಏನಿಡಲಿ ಎಂದು ಪೆಟ್ಟಿಗೆ ಕೂರಿಸಲು ಬಂದ ಹುಡುಗ ಕೇಳಿದ. ಒಂದು ಕ್ಷಣವೂ ಯೋಚಿಸದೆ ಚಂದ್ರಿಕೆ ಎಂದು ಹೇಳಿದೆ. ಕಿವಿಯಲ್ಲೂ ಹೇಳಿದೆ, ಯಾರೂ ನೋಡದಿರುವಾಗ.

ಕಳೆದ ಚಳಿಗಾಲದಲ್ಲಿ ಯಶೋಧ ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ನನ್ನನ್ನು ನೋಡಲು ಬಂದಳು. ತಲೆಯಲ್ಲಿ ಬಿಳಿ ಕೂದಲು ಬಂದಿದೆ, ಸುಜಾತ ಕಾಲೇಜಿಗೆ ಹೋಗುತ್ತಾಳೆ. ಅವರೆಕಾಯಿ ಬಿಡಿಸುತ್ತಾ ಹಳೆಯದೆಲ್ಲ ಮಾತಾಡುತ್ತಿದ್ದೆವು. ಸಂಜೆಯಾಯಿತು. "ಒಂದ್ನಿಮಿಷ ಅಕ್ಕ, ಹಂಚಿಕೆ ಹಾಕ್ಬಿಡ್ತೀನಿ" ಎಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಈಗಲೂ ಅವಳೇ. ಲ್ಯಾಪ್‌ಟಾಪ್ ಎಷ್ಟೋ ಬದಲಾಗಿವೆ, ಕಾವಲನ್ನು ಹೊಸ ಹುಡುಗರು ಹೊಸದಾಗಿ ಬರೆದಿದ್ದಾರೆ, ಒಳಗಿನ ಲೆಕ್ಕ ಮಾತ್ರ ಅದೇ. ನಮ್ಮ ಮನೆಯ ವೈಫೈ ಹೆಸರು ನೋಡಿ ಅವಳು ನನ್ನ ಮುಖ ನೋಡಿದಳು. ನಾನು ಕಾಳು ಬಿಡಿಸುವುದರಲ್ಲೇ ಮುಳುಗಿದವಳಂತೆ ತಲೆ ತಗ್ಗಿಸಿದೆ. ಪರದೆಯ ಮೂಲೆಯಲ್ಲಿ ವಿಪಿಎನ್ ತಾನಾಗಿ ಆನ್ ಆಯಿತು.

"ಅಕ್ಕ, ನೋಡಿದ್ರಾ, ಗುರುತು ಹಿಡೀತು" ಎಂದಳು ಯಶೋಧ. "ಇದು ಆಫೀಸಲ್ಲ, ಮನೆ ಅಂತ."